ಬಾಳೂರಿನ ಬಿಸಿನೀರ ಬುಗ್ಗೆ

ಈ ಸಲ ಚಿಕ್ಕಮಗಳೂರಿಗೆ ಚಳಿ ಸ್ವಲ್ಪ ಬೇಗನೆ ಬಂತು. ಬೀರುವಿನ ಮೇಲಿನ ಖಾನೆಯಿಂದ ಹಳೆಯ ಸ್ವೆಟರು ಎಳೆದು ತಲೆಯ ಮೇಲಿಂದ ಇಳಿಸಿಕೊಳ್ಳುತ್ತಿದ್ದೆ. ಮುಖ ಇನ್ನೂ ಉಣ್ಣೆಯೊಳಗೇ ಇತ್ತು, ಮೂಗಿಗೆ ಹಸಿ ಕಟ್ಟಿಗೆಯ ಹೊಗೆ ಬಡಿಯಿತು. ನನ್ನ ಹೆಂಡತಿ ಆ ಸ್ವೆಟರನ್ನು ಎರಡು ಸಲ ಒಗೆದಿದ್ದಾಳೆ. ಹೊಗೆ ನಿಮ್ಮ ಮೂಗಿನಲ್ಲಿದೆ, ಸ್ವೆಟರಿನಲ್ಲಿಲ್ಲ ಎಂದು ಅವಳ ವಾದ. ಇರಬಹುದು. ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ಕಣ್ಣಿನ ವಿಚಾರ ಒಂದಿಷ್ಟು ಗೊತ್ತಿರುತ್ತದೆ, ಮೂಗಿನ ವಿಚಾರ ಗೊತ್ತಿರಬೇಕೆಂದೇನೂ ಇಲ್ಲ. ಆದರೂ ಆ ಉಣ್ಣೆಯ ಕತ್ತಲಲ್ಲಿ ನಾನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತೆ. ಮೂರು ವರ್ಷದ ಹಿಂದೆ ಬಾಳೂರಿನ ಮೇಲಿನ ಕಾಡಂಚಿನಲ್ಲಿ, ಒಂದು ಮಣ್ಣಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮೂಗು ಎರಡರಲ್ಲೂ ನೀರು ಸುರಿಸುತ್ತಿದ್ದ ನನ್ನನ್ನೇ ನಾನು ಕಂಡೆ.

ಅದನ್ನು ಹೇಳಬೇಕಾದರೆ ಮೊದಲು ನಮ್ಮ ಅಕ್ಕನ ವಿಷಯ ಹೇಳಬೇಕು.

ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದ. ಗಿರಿಜಕ್ಕನಿಗೆ ಆಗ ಹದಿನೇಳು. ಅವಳು ಅಮ್ಮನ ಹೊಲಿಗೆ ಮೆಷೀನನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತಳು, ಮುಂದೆ ನಾಲ್ಕು ದಶಕ ಅಲ್ಲಿಂದ ಏಳಲಿಲ್ಲ ಎಂದರೆ ಹೆಚ್ಚು ಸುಳ್ಳಾಗಲಾರದು. ಅವಳ ಮದುವೆಯ ಮಾತು ಬಂದಾಗಲೆಲ್ಲ 'ಇವನೊಬ್ಬ ಒಂದು ದಡ ಸೇರ್ಲಿ' ಅನ್ನುತ್ತಿದ್ದಳು. ನಾನು ದಡ ಸೇರುವ ಹೊತ್ತಿಗೆ ಆ ಮಾತು ಬರುವುದೇ ನಿಂತುಹೋಗಿತ್ತು. ನಮ್ಮ ಬೀದಿಯಲ್ಲಿ ಅವಳು ಹೊಲಿದ ರವಿಕೆ ತೊಡದ ಮದುಮಗಳಿರಲಿಲ್ಲ.

ಇಂಥವಳಿಗೆ ಒಂದು ಕಾಯಿಲೆ ಇತ್ತು: ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಾರದ ಕಾಯಿಲೆ. ಒಂದು ಲೋಟ ನೀರು ತಂದುಕೊಟ್ಟರೂ 'ನಂಗೋಸ್ಕರ ಯಾಕೆ ಎದ್ದೆ?' ಎಂದು ಮುಖ ಸಪ್ಪಗೆ ಮಾಡುತ್ತಿದ್ದಳು. ಕೊಡುವ ಕೈ ಅವಳದು. ಆ ಕೈ ಕೆಳಗಾಗುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವನು ನಾನು; ನಾನೋ ತೆಗೆದುಕೊಳ್ಳುವುದರಲ್ಲೇ ಮುಳುಗಿದ್ದೆ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ವಾರದಲ್ಲಿ ಇಳಿಯಿತು, ಗಂಟುನೋವು ಇಳಿಯಲಿಲ್ಲ. ಎರಡೂ ಕೈಯ ಬೆರಳುಗಳು ಏನನ್ನೋ ಹಿಡಿದುಕೊಂಡ ಹಾಗೆ ಅರ್ಧ ಮುಚ್ಚಿಕೊಂಡವು. ಸೂಜಿ ಹಿಡಿಯುವುದಿರಲಿ, ಸೀರೆಯ ನೆರಿಗೆ ಹಿಡಿಯುವುದೂ ಕಷ್ಟವಾಯಿತು. ಡಾಕ್ಟರು 'ಬಿಸಿನೀರಲ್ಲಿ ಕೈ ಇಟ್ಟು ಬೆರಳು ಆಡಿಸ್ತಾ ಇರಿ, ಬಿಟ್ಟುಕೊಳ್ಳುತ್ತೆ' ಎಂದಿದ್ದರು. ನನ್ನ ಹೆಂಡತಿ ನೀರು ಕಾಯಿಸಿ ಬೇಸಿನ್ನಿನಲ್ಲಿ ತಂದರೆ ಅಕ್ಕ, 'ಅಲ್ಲಿಡಮ್ಮ, ಆಮೇಲೆ' ಅನ್ನುತ್ತಿದ್ದಳು. ನೀರು ತಣ್ಣಗಾಗುತ್ತಿತ್ತು. ನಾಲ್ಕು ತಿಂಗಳು ಹೀಗೇ ನಡೆಯಿತು. ಮೆಷೀನಿಗೆ ಅವಳೇ ಒಂದು ಹಳೆಯ ಸೀರೆ ಹೊದಿಸಿದಳು. ಮಾತು ದಿನದಿಂದ ದಿನಕ್ಕೆ ಕಡಿಮೆಯಾಯಿತು.

ಆಗ ನನ್ನ ಫೋನಿನಲ್ಲಿ ಒಂದು ಜಾಹೀರಾತು ಕಾಣಿಸಿತು. 'ಬಾಳೂರಿನ ಕಾಡಿನ ನಡುವೆ ಮರದ ಮನೆ. ಪಕ್ಕದಲ್ಲೇ ಕೆರೆ. ಗುಡ್ಡದ ನೆತ್ತಿಯಿಂದ ಸಮುದ್ರದ ನೋಟ. ನೈಸರ್ಗಿಕ ಬಿಸಿನೀರಿನ ಬುಗ್ಗೆ.' ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವನು ನಾನು, ಇಲ್ಲೊಂದು ಬಿಸಿನೀರಿನ ಬುಗ್ಗೆ ಇದೆಯೆಂದು ಯಾವತ್ತೂ ಕೇಳಿರಲಿಲ್ಲ. ಕೇಳಿಲ್ಲದಿದ್ದರೂ ನಂಬಿದೆ. ನಂಬಬೇಕಿತ್ತು. 'ಅಂಗಡಿ ನಾನು ನೋಡ್ಕೋತೀನಿ, ನೀವಿಬ್ರೂ ಹೋಗಿಬನ್ನಿ' ಎಂದಳು ಹೆಂಡತಿ. ಅಕ್ಕನನ್ನು ಒಪ್ಪಿಸಲು ನಾನೊಂದು ಉಪಾಯ ಮಾಡಿದೆ. ನನಗೇ ಸೊಂಟ ಹಿಡಿದಿದೆ, ಬುಗ್ಗೆಯ ನೀರು ಒಳ್ಳೆಯದಂತೆ, ಒಬ್ಬನೇ ಹೋಗಲು ಬೇಜಾರು ಎಂದೆ. ನನಗೋಸ್ಕರ ಎಂದ ಕೂಡಲೇ ಅಕ್ಕ ಚೀಲ ಹುಡುಕಿದಳು.

ಮೂಡಿಗೆರೆ ದಾಟಿ, ಬಾಳೂರಿನಲ್ಲಿ ನಮ್ಮ ಕಾರು ಬಿಟ್ಟು ಜೀಪು ಹತ್ತಿದೆವು. ಕಾಫಿ ಹಣ್ಣಾಗುವ ಕಾಲ. ಜೀಪು ಒಂದೊಂದು ತಿರುವಿನಲ್ಲೂ ನಮ್ಮನ್ನು ಎತ್ತಿ ಕುಕ್ಕುತ್ತಿತ್ತು. ಸುಳ್ಳುಸುಳ್ಳೇ ಹಿಡಿದಿದ್ದ ನನ್ನ ಸೊಂಟ ಮೇಲೆ ತಲುಪುವ ಹೊತ್ತಿಗೆ ನಿಜವಾಗಿಯೇ ಹಿಡಿದಿತ್ತು.

ತೋಟ ಮುಗಿದು ಕಾಡು ಶುರುವಾಗುವ ಜಾಗದಲ್ಲಿ ಮರದ ಮನೆ. ಹಲಗೆಯ ಗೋಡೆ, ತಗಡಿನ ಮಾಡು, ಎರಡು ಮಂಚ, ಒಂದು ಚಿಕ್ಕ ಜಗಲಿ, ಅಷ್ಟೆ. ಕೆಳಗೆ ತೋಟದ ಕೆರೆ. ಹಿಂದೆ, ನಡುಹಗಲಲ್ಲೂ ಬಿಸಿಲು ನೆಲ ಮುಟ್ಟದ ಕಾಡು. ಮನೆ ನೋಡಿಕೊಳ್ಳುತ್ತಿದ್ದವರು ಲೋಕಪ್ಪ, ಅವರ ಹೆಂಡತಿ ಕಮಲಮ್ಮ. ಲೋಕಪ್ಪನಿಗೆ ಅರವತ್ತರ ಆಸುಪಾಸು, ಸಣಕಲು ಮೈ, ಮೊಣಕೈ ಹತ್ತಿರ ಸುಟ್ಟು ತೂತುಬಿದ್ದ ಖಾಕಿ ಕೋಟು. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲಕ್ಕೆ ಅಲ್ಲಿ ಪಂಪ್‌ಹೌಸಿನಲ್ಲಿ ಕೆಲಸದಲ್ಲಿದ್ದವರಂತೆ. ಗಣಿ ನಿಂತ ಮೇಲೆ ಗುಡ್ಡ ಇಳಿದು, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಈ ತೋಟ ಸೇರಿದ್ದರು.

'ಬುಗ್ಗೆ ಎಲ್ಲಿ?' ಎಂದು ನಾನು ಕೇಳಿದ್ದೇ ಮೊದಲ ಮಾತು.

'ಇಲ್ಲೇ ಸಾರ್, ಹತ್ತು ಹೆಜ್ಜೆ,' ಎಂದು ಲೋಕಪ್ಪ ನೆಲ ನೋಡಿದರು.

ಬಿದಿರು ತಟ್ಟಿಯ ಮರೆಯಲ್ಲಿ ಕಲ್ಲು ಕಟ್ಟಿದ ಚಿಕ್ಕ ಕೊಳ. ಸೊಂಟದುದ್ದ ನೀರು. ತಳದಲ್ಲಿ ಹೊಳೆಯ ನುಣುಪು ಕಲ್ಲುಗಳು, ಆ ಕಲ್ಲುಗಳ ಸಂದಿಯಿಂದ ಬೆಚ್ಚಗಿನ ನೀರು ಮೆಲ್ಲಗೆ ಉಕ್ಕುತ್ತಿತ್ತು. ಸಂಜೆಯ ಚಳಿಗೆ ನೀರಿನ ಮೇಲೆಲ್ಲ ಹಬೆ. ಅಕ್ಕ ಕಮಲಮ್ಮನ ಭುಜ ಹಿಡಿದು ಇಳಿದಳು. ನಾನು ತಟ್ಟಿಯ ಈಚೆ ಕೂತಿದ್ದೆ. ಆಮೇಲೆ ಒಳಗಿಂದ 'ಅಬ್ಬಾ' ಅನ್ನುವ ಒಂದೇ ಮಾತು ಬಂತು. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಅಂಥದ್ದೊಂದು ಮಾತು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವಳು ಮತ್ತೆ ಹೋದಳು, ಯಾರೂ ಹೇಳದೆ. ನಾನು ಮನೆಗೆ ಫೋನು ಮಾಡೋಣವೆಂದು ಸಿಗ್ನಲ್ ಹುಡುಕುತ್ತ ಗುಡ್ಡದ ಕಡೆ ಹೊರಟೆ. ನೆತ್ತಿಯಿಂದ ಸಮುದ್ರ ಕಾಣುತ್ತದೆಂದು ಲೋಕಪ್ಪ ಹೇಳಿದ್ದರು. ಹತ್ತಿ ನೋಡಿದರೆ ಪಡುವಣ ದಿಕ್ಕಿನಲ್ಲಿ ಬರೀ ಬಿಳಿ ಮಂಜು. ಸಿಗ್ನಲ್ಲೂ ಇಲ್ಲ, ಸಮುದ್ರವೂ ಇಲ್ಲ ಎಂದುಕೊಂಡು ಬೇರೆ ದಾರಿಯಲ್ಲಿ ಇಳಿಯುತ್ತಿದ್ದಾಗ ಕಾಡಂಚಿನಲ್ಲಿ ಹೊಗೆ ಕಂಡಿತು. ಹತ್ತಿರ ಹೋದೆ. ಹಳೆಯ ತಗಡಿನ ಮರೆ, ಅದರಡಿ ಎದೆಮಟ್ಟದ ಮಣ್ಣಿನ ಗೂಡು, ಗೂಡಿನೊಳಗೆ ಹಾವು ಸುತ್ತಿಕೊಂಡ ಹಾಗೆ ಸುರುಳಿ ಸುತ್ತಿದ ಕಬ್ಬಿಣದ ಪೈಪು. ಮೇಲಿನ ಝರಿಯ ನೀರು ಒಂದು ಕಡೆಯಿಂದ ಒಳಗೆ ಹೋಗುತ್ತಿತ್ತು. ಇನ್ನೊಂದು ಕಡೆ ಪೈಪು ನೆಲದೊಳಗೆ ಇಳಿದು ನಮ್ಮ ಮನೆಯ ದಿಕ್ಕಿಗೆ ತಿರುಗಿತ್ತು. ಗೂಡಿನ ಬಾಯಿಗೆ ಕಾಫಿ ಗಿಡ ಸವರಿದ ಕಟ್ಟಿಗೆ ತುರುಕುತ್ತ ಲೋಕಪ್ಪ ಕೂತಿದ್ದರು.

ನನ್ನನ್ನು ಕಂಡು ಅವರು ಏಳಲಿಲ್ಲ. 'ಬಂದ್ಬಿಟ್ರಾ ಸಾರ್,' ಎಂದರು.

'ಇದೇನು?'

'ಬುಗ್ಗೆ ಸಾರ್.'

ನನಗೆ ಮೈ ಉರಿದುಹೋಯಿತು. 'ಭೂಮಿಯೊಳಗಿಂದ ಬರೋ ನೀರು ಅಂತ ಬರ್ಕೊಂಡಿದೀರಲ್ಲ!'

'ಭೂಮಿಯೊಳಗಿಂದಾನೇ ಬರೂದು ಸಾರ್. ಪೈಪು ಒಂದಡಿ ಹೂತಿದೀನಿ,' ಎಂದವರು, ತಮ್ಮ ಮಾತು ತಮಗೇ ರುಚಿಸದೆ ಮುಖ ಒರೆಸಿಕೊಂಡರು. 'ಸಾಹುಕಾರ್ರು ಬೇರೆಲ್ಲೋ ಬುಗ್ಗೆ ನೋಡ್ಕೊಂಡು ಬಂದ್ರು. ಬಂದೋರೇ ನಮ್ಮಲ್ಲೂ ಇದೆ ಅಂತ ಬರೆಸಿಬಿಟ್ರು. ಆಮೇಲೆ ನನ್ನ ಕರೆದು, ಲೋಕಪ್ಪ, ಒಂದು ಬುಗ್ಗೆ ಮಾಡು ಅಂದ್ರು. ನಂಗೆ ಗೊತ್ತಿರೋದು ಪೈಪು, ಪಂಪು. ಮಾಡಿದೆ. ಯಾರಾದ್ರೂ ಕೇಳಿದ್ರೆ ಹೇಳಿಬಿಡಾಣ ಅಂತ ಎರಡು ವರ್ಷದಿಂದ ಕಾಯ್ತಾ ಇದೀನಿ. ಬಂದೋರು ಫೋಟೋ ತೆಗೀತಾರೆ, ಸ್ನಾನ ಮಾಡ್ತಾರೆ, ಹೋಗ್ತಾರೆ. ಒಬ್ರೂ ಕೇಳ್ಲಿಲ್ಲ.'

'ಹಾಗಾದ್ರೆ ಆ ಸಮುದ್ರನೂ ನೀವೇ ಮಾಡಿದ್ದಾ?'

'ಅಯ್ಯೋ, ಸಮುದ್ರ ನಿಜ ಸಾರ್,' ಎಂದರು ಲೋಕಪ್ಪ ಗಾಬರಿಯಿಂದ. 'ಅದನ್ನ ಮಾಡೂದು ನನ್ನ ಕೈಲಾಗಲ್ಲ. ಸಂಜೆ ಮೋಡ ಇಲ್ಲದಾಗ ಹೋಗಿ, ಗೆರೆ ಹಂಗೆ ಕಾಣ್ತದೆ.'

ನಗು ಬರಬೇಕಾದ ಜಾಗ. ನನಗೆ ಬರಲಿಲ್ಲ. ಮೋಸಹೋದೆ ಎನ್ನುವ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಅಕ್ಕನನ್ನು ಮೋಸದ ನೀರಿಗೆ ಇಳಿಸಿದೆನಲ್ಲ ಎಂಬ ಸಿಟ್ಟು. ಈಗಲೇ ಹೇಳಿ, ಗಂಟುಮೂಟೆ ಕಟ್ಟಿಸುತ್ತೇನೆ ಎಂದು ದಡದಡ ಇಳಿದೆ.

ಅಕ್ಕ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಜ್ವರ ಬಂದ ಮೇಲೆ ಅವಳು ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುವುದು ರೂಢಿಯಾಗಿತ್ತು. ಈಗ ಬಲಗೈಯೊಂದರಲ್ಲೇ ಲೋಟ ಹಿಡಿದಿದ್ದಳು. ನಡುಗುತ್ತಿತ್ತು, ಆದರೂ ಹಿಡಿದಿದ್ದಳು.

'ನೋಡೋ,' ಎಂದಳು. 'ಒಂದೇ ಕೈ.'

ನಾನು ಜಗಲಿಯ ಅಂಚಿನಲ್ಲಿ ಕೂತೆ.

'ಈ ನೀರು ಒಳ್ಳೇದು ಮಾರಾಯ. ಮನೇಲಿ ನಿನ್ನ ಹೆಂಡ್ತಿ ನೀರು ಕಾಯಿಸಿದ್ರೆ ನಂಗೆ ಜೀವ ಹಿಡಿ ಆಗೋದು. ಇದಾದ್ರೆ ಭೂಮಿತಾಯಿ ಕೊಡೋದು. ಯಾರಿಗೂ ಭಾರ ಇಲ್ಲ.'

ಗಂಟುಮೂಟೆಯ ಮಾತು ಬಿಟ್ಟು ಎದ್ದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಲೋಕಪ್ಪ ಅಲ್ಲೇ ಕೂತಿದ್ದರು, ಬೆಂಕಿ ಮಾತ್ರ ಇಳಿಯಲು ಬಿಟ್ಟಿದ್ದರು. ನಾನು ಅಕ್ಕನ ಜ್ವರದಿಂದ ಹಿಡಿದು ಕಾಫಿ ಲೋಟದವರೆಗೆ ಎಲ್ಲ ಹೇಳಿದೆ. 'ಅವಳಿಗೆ ಗೊತ್ತಾದ್ರೆ ಮತ್ತೆ ನೀರಿಗೆ ಇಳಿಯಲ್ಲ,' ಎಂದೆ. ಅವರು ಎದ್ದು, ಎರಡು ದಪ್ಪ ಕೊರಡು ತಂದು ಗೂಡಿಗೆ ತಳ್ಳಿದರು. ಆ ದಿನ ಅಕ್ಕ ಮೂರು ಸಲ ಕೊಳಕ್ಕಿಳಿದಳು.

ಅಷ್ಟಕ್ಕೆ ಅವರ ಕಟ್ಟಿಗೆ ಮುಗಿದಿತ್ತು. ಸಂಜೆ ಇನ್ನೊಂದು ಹೊರೆ ತರಲು ಹೋಗಿ ಲೋಕಪ್ಪ ಜಾರಿ ಬಿದ್ದರು. ಕಾಲಿನ ಹರಡು ಉಳುಕಿ ಊದಿಕೊಂಡಿತು. ಬೆಳಿಗ್ಗೆ ನಾನು ನೋಡಲು ಹೋದಾಗ ಕಮಲಮ್ಮ ಕಾಲಿಗೆ ಬಟ್ಟೆ ಸುತ್ತುತ್ತಿದ್ದರು, ಇವರು ಕೋಲು ಊರಿಕೊಂಡು ಗೂಡಿನ ಕಡೆ ಹೊರಡುವ ಹಟದಲ್ಲಿದ್ದರು.

'ಕೂತ್ಕೊಂಡು ಹೇಳಿಕೊಡಿ,' ಎಂದೆ. 'ಬೆಂಕಿ ನಾನು ಹಾಕ್ತೀನಿ.'

ಬೆಂಕಿ ಹಾಕುವುದರಲ್ಲಿ ಏನಿದೆ ಎಂದುಕೊಂಡಿದ್ದೆ. ನೀವೂ ಹಾಗೆಂದುಕೊಂಡಿದ್ದರೆ ಒಂದು ಸಲ ಹಸಿ ಕಟ್ಟಿಗೆಯ ಮುಂದೆ ಕೂತು ನೋಡಿ. ಲೋಕಪ್ಪ ಒಂದು ಮರದ ದಿಮ್ಮಿಯ ಮೇಲೆ ಕಾಲು ನೀಡಿ ಕೂತು, ಹಳೆಯ ಪಂಪ್‌ಹೌಸಿನ ಗತ್ತಿನಲ್ಲಿ ಅಪ್ಪಣೆ ಕೊಡುತ್ತಿದ್ದರು. 'ಸಣ್ಣದು ಮೊದಲು ಸಾರ್. ಊದಬೇಡಿ, ಅದೇ ಹತ್ಕೊಳ್ತದೆ. ಪೈಪಲ್ಲಿ ಗುರ್ ಅಂತ ಸದ್ದು ಬಂದ್ರೆ ಕಟ್ಟಿಗೆ ಹಿಂದೆ ಎಳೀರಿ.' ಅರ್ಧ ಗಂಟೆ ಬರೀ ಹೊಗೆ ಬಂತು. ಕನ್ನಡಕ ತೆಗೆದರೆ ಕಣ್ಣು ಉರಿ, ಹಾಕಿದರೆ ಏನೂ ಕಾಣದು. ಕೊನೆಗೆ ಬೆಂಕಿ ಹತ್ತಿಕೊಂಡಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಇದ್ದಬದ್ದ ಕಟ್ಟಿಗೆಯನ್ನೆಲ್ಲ ಒಟ್ಟಿಗೇ ತುರುಕಿದೆ. ಪೈಪು ಗುರ್ ಎಂದಿತು. 'ಎಳೀರಿ ಸಾರ್, ಎಳೀರಿ!' ಎಂದು ಲೋಕಪ್ಪ ಕೂಗುವಷ್ಟರಲ್ಲಿ ಆಚೆ ತಟ್ಟಿಯೊಳಗಿಂದ ಅಕ್ಕನ ಚೀತ್ಕಾರ ಕೇಳಿಸಿತು.

'ಅಯ್ಯಯ್ಯೋ, ಬೆಂದೆ!'

ನಾನು ಓಡಬೇಕಿತ್ತು. ಓಡಲಿಲ್ಲ, ಉರಿಯುವ ಕೊರಡನ್ನು ಎಳೆಯುತ್ತಿದ್ದೆ. ಐದು ನಿಮಿಷ ಕಳೆದಿರಬಹುದು. ತಲೆಯೆತ್ತಿದರೆ ಲೋಕಪ್ಪನ ಕೂಗು ಕೇಳಿದ ಕಡೆಗೇ ಬಂದು, ಒದ್ದೆ ಸೀರೆಯ ಮೇಲೆ ಶಾಲು ಹೊದ್ದ ಅಕ್ಕ ಎದುರಿಗೇ ನಿಂತಿದ್ದಳು, ಹಿಂದೆ ಕಮಲಮ್ಮ. ಪುಣ್ಯಕ್ಕೆ ಕಾಲು ಕೆಂಪಾದದ್ದು ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ. ಗೂಡು ನೋಡಿದಳು, ಪೈಪು ನೋಡಿದಳು, ಮಸಿ ಹಿಡಿದ ನನ್ನ ಮುಖ ನೋಡಿದಳು. ಕೊನೆಗೆ ಲೋಕಪ್ಪನ ಊದಿದ ಕಾಲು ನೋಡಿದಳು.

'ಇದು ಯಾವಾಗ ಆಯ್ತು?' ಎಂದು ಅವರನ್ನೇ ಕೇಳಿದಳು.

'ನಿನ್ನೆ ಸಂಜೆ ಅಕ್ಕ. ಸೌದೆ ತರೋವಾಗ.'

'ನಾನು ಮೂರು ಸಲ ಇಳಿದೆನಲ್ಲ, ಅದಕ್ಕಾ?'

ಲೋಕಪ್ಪ ಊದಿದ ಕಾಲನ್ನು ದಿಮ್ಮಿಯ ಹಿಂದಕ್ಕೆ ಎಳೆದುಕೊಂಡರು. ಅಕ್ಕನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಅವಳು ನನ್ನ ಕಡೆ ತಿರುಗಿದಳು. 'ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಅವ್ರ ಕೈಲಿ ಹೊರೆ ಹೊರಿಸ್ದೆ. ವಯಸ್ಸಾದವ್ರು ಕಣೋ ಅವ್ರು. ನಂಗೆ ಇದು ಬೇಕಾ? ಯಾರು ಕೇಳಿದ್ರು ನಿನ್ನ? ನಡಿ, ಊರಿಗೆ ಹೋಗಾಣ.'

ಆಗ ಲೋಕಪ್ಪ ಕೋಲು ಊರಿ ಎದ್ದು ನಿಂತರು.

'ಅಕ್ಕ, ಒಂದು ಮಾತು. ನಾನು ಮೇಲೆ ಪಂಪ್‌ಹೌಸಲ್ಲಿ ಹದಿನೆಂಟು ವರ್ಷ ನೀರು ಬಿಟ್ಟೆ. ಸ್ವಿಚ್ ಹಾಕೂದು, ವಾಲ್ವ್ ತಿರುಗಿಸೂದು. ನೀರು ಎಲ್ಲಿಗೋ ಹೋಗ್ತಿತ್ತು. ಯಾರು ಕುಡಿದ್ರೋ, ಯಾರು ಮಿಂದ್ರೋ, ಒಂದು ದಿನ ನೋಡ್ಲಿಲ್ಲ. ಇಲ್ಲಿಗೆ ಬಂದ್ಮೇಲೂ ಅಷ್ಟೆ. ನಿನ್ನೆ ನಿಮ್ಮ ತಮ್ಮ ಬಂದು ಹೇಳಿದ್ರು, ನೀವು ಒಂದೇ ಕೈಲಿ ಲೋಟ ಹಿಡಿದ್ರಿ ಅಂತ. ನನ್ನ ನೀರಿಂದ ಒಬ್ರಿಗೆ ಇಂಥದ್ದಾಯ್ತು ಅಂತ ನಂಗೆ ಯಾರೂ ಯಾವತ್ತೂ ಹೇಳಿರ್ಲಿಲ್ಲ. ಮೂರ್ ಹೊರೆ ಸೌದೆ ಏನು ಮಹಾ? ನೀವು ಹಿಂಗೆ ಅರ್ಧಕ್ಕೆ ಬಿಟ್ಟು ಹೋದ್ರೆ ಮಾತ್ರ ನಂಗೆ ಭಾರ ಆಗ್ತದೆ.'

ಗೂಡಿನಲ್ಲಿ ಹಸಿ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ಅಕ್ಕ 'ಮೊದ್ಲು ಕೂತ್ಕೊಳ್ಳಿ' ಎಂದು ಲೋಕಪ್ಪನಿಗೆ ದಿಮ್ಮಿ ತೋರಿಸಿದಳು. ಆಮೇಲೆ ನನ್ನ ಮುಖವನ್ನು ಇನ್ನೊಮ್ಮೆ ನೋಡಿದಳು. ಅವಳ ತುಟಿಯ ಒಂದು ಮೂಲೆ ಅಲುಗಿತು. 'ಥೂ, ಕರಡಿ ಹಂಗೆ ಕಾಣ್ತೀಯ,' ಎಂದವಳು ನಗತೊಡಗಿದಳು. ನಗು ತಡೆಯಲಾರದೆ ಕಮಲಮ್ಮನ ಭುಜ ಹಿಡಿದುಕೊಂಡಳು. ಕಮಲಮ್ಮ ನಕ್ಕರು, ಲೋಕಪ್ಪ ನಕ್ಕರು. ನಾನು ಕೆಮ್ಮಿದೆ.

ಮಧ್ಯಾಹ್ನ ಅಕ್ಕ ಲೋಕಪ್ಪನ ಮನೆಯ ಮುಂದೆ ಕೂತು ಅವರ ಖಾಕಿ ಕೋಟು ಕೇಳಿ ಇಸಿದುಕೊಂಡಳು. ಕಮಲಮ್ಮನ ಹತ್ತಿರ ಒಂದು ದಪ್ಪ ಸೂಜಿ ಇತ್ತು. ದಾರ ಪೋಣಿಸಲು ನಾನು ಕೈ ಚಾಚಿದರೆ 'ಬಿಡು' ಎಂದಳು. ಏಳೆಂಟು ಸಲ ತಪ್ಪಿತು. ಸೂಜಿ ಎರಡು ಸಲ ಬಿತ್ತು, ಎರಡು ಸಲವೂ ಅವಳೇ ಹುಡುಕಿ ತೆಗೆದಳು. ಇನ್ನೊಂದು ಸಲ ತಪ್ಪಿದ ಮೇಲೆ ಸೂಜಿಯನ್ನು ನನ್ನ ಕಡೆ ಚಾಚಿದಳು. 'ಆಯ್ತು, ನೀನೇ ಪೋಣಿಸು,' ಎಂದಳು. ಇದೇನು ಮಹಾ ಎಂದು ನಿಮಗನ್ನಿಸಬಹುದು. ನಮ್ಮ ಅಕ್ಕ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ ಮೊದಲ ಕೆಲಸ ಅದು. ನನಗೆ ದಾರ ಕಾಣುತ್ತಿರಲಿಲ್ಲ. ಹೊಗೆಯ ಉರಿ ಇನ್ನೂ ಹೋಗಿಲ್ಲ ಎಂದೆ.

ಮೊಣಕೈಯ ತೂತಿಗೆ ತೇಪೆ ಹಾಕಲು ಅವಳಿಗೆ ಎರಡು ಗಂಟೆ ಹಿಡಿಯಿತು. ಹೊಲಿಗೆ ಸೊಟ್ಟ. ಅವಳ ಹತ್ತಿರ ಹೊಲಿಗೆ ಕಲಿಯಲು ಬಂದ ಹೊಸಬರು ಯಾರಾದರೂ ಹಾಗೆ ಹೊಲಿದಿದ್ದರೆ ಬಿಚ್ಚಿಸುತ್ತಿದ್ದಳು. ಲೋಕಪ್ಪ ಕೋಟು ತೊಟ್ಟು, ತೋಳು ಮಡಚಿ ಬಿಡಿಸಿ ನೋಡಿಕೊಂಡು, 'ಗಟ್ಟಿ ಇದೆ ಅಕ್ಕ,' ಎಂದರು.

ಸಂಜೆ ಅಕ್ಕ ತಾನೇ ಹೇಳಿದಳು: 'ಹೋಗು, ಬೆಂಕಿ ಹಾಕು. ಯಾರು ಹಾಕ್ತಿದಾರೆ ಅಂತ ಗೊತ್ತಿದ್ದೇ ಇಳೀತೀನಿ ಇವತ್ತು. ಸಣ್ಣಗೆ ಹಾಕು ಮತ್ತೆ!' ನಾನು ಸಣ್ಣಗೆ ಹಾಕಿದೆ. ಆಮೇಲೆ ಒಬ್ಬನೇ ಗುಡ್ಡ ಹತ್ತಿದೆ. ಮೋಡ ಇರಲಿಲ್ಲ. ಬಹಳ ದೂರದಲ್ಲಿ, ಗುಡ್ಡಗಳೆಲ್ಲ ಮುಗಿದ ಕಡೆ, ಆಕಾಶಕ್ಕಿಂತ ಒಂದಿಷ್ಟು ಹೆಚ್ಚು ಹೊಳೆಯುವ ಒಂದು ಗೆರೆ ಇತ್ತು. ಲೋಕಪ್ಪ ಹೇಳಿದ್ದು ನಿಜ.

ಊರಿಗೆ ಬಂದ ಮೇಲೆ ಬೆಳಿಗ್ಗೆ ಬೇಸಿನ್ನು ಬಂದರೆ ಅಕ್ಕ 'ಆಮೇಲೆ' ಎನ್ನುವುದನ್ನು ಬಿಟ್ಟಳು. 'ಒಳ್ಳೇದಾಯ್ತಮ್ಮ' ಎಂದು ಕೈಯಿಡುತ್ತಾಳೆ. ನನ್ನ ಹೆಂಡತಿ ಮೊದಲ ದಿನ ಅಡುಗೆಮನೆಗೆ ಹೋಗಿ ಅತ್ತಳು. ಬೆರಳುಗಳು ಪೂರ್ತಿ ಸರಿಯಾಗಲಿಲ್ಲ. ಎಡಗೈಯ ಎರಡು ಬೆರಳು ಇವತ್ತಿಗೂ ಬಾಗಿಯೇ ಇವೆ. ಈಗ ಅವಳು ಬಟ್ಟೆ ಕತ್ತರಿಸಿ ಕೊಡುತ್ತಾಳೆ, ಹೊಲಿಯಲು ಇಬ್ಬರು ಹೆಂಗಸರಿದ್ದಾರೆ. ತೋಟದ ಸಾಹುಕಾರರಿಗೆ ಅವಳೇ ಫೋನು ಮಾಡಿ ಅರ್ಧ ಗಂಟೆ ಮಾತಾಡಿದಳು. ಏನು ಮಾತಾಡಿದಳೋ ನನಗೆ ಹೇಳಲಿಲ್ಲ, ಆದರೆ ಬುಗ್ಗೆ ಎನ್ನುವ ಮಾತು ಜಾಹೀರಾತಿನಿಂದ ಹೋಯಿತು. ಈಗ ಅಲ್ಲಿ 'ಲೋಕಪ್ಪನ ಬಿಸಿನೀರ ಕೊಳ' ಎಂದಿದೆ. ಜನ ಮೊದಲಿಗಿಂತ ಹೆಚ್ಚೇ ಬರುತ್ತಾರಂತೆ, ಬಂದವರು ಗೂಡಿನ ಫೋಟೋವನ್ನೂ ತೆಗೆದುಕೊಳ್ಳುತ್ತಾರಂತೆ.

ನನಗೂ ಏನೋ ಒಂದು ಆಗಿದೆ. ಹೋದ ವಾರ ಕಡೂರಿನಲ್ಲಿ ಒಂದು ಮದುವೆ. ಛತ್ರದಲ್ಲಿ ಬೆಳಿಗ್ಗೆ ಎದ್ದು ಸ್ನಾನಕ್ಕೆ ಹೋದೆ. ನಲ್ಲಿ ತಿರುಗಿಸಿದರೆ ಬಿಸಿಬಿಸಿ ನೀರು. ಮಿಂದು, ಪಂಚೆ ಉಟ್ಟು, ನೆಟ್ಟಗೆ ತಿಂಡಿಗೆ ಹೋಗಬೇಕಾದವನು ಛತ್ರದ ಹಿಂಬದಿಗೆ ನಡೆದೆ. ಅಲ್ಲೊಂದು ದೊಡ್ಡ ಬಾಯ್ಲರು, ಅದರ ಮುಂದೆ ತೆಂಗಿನ ಸೋಗೆ ಮುರಿದು ಉರಿಗೆ ಒಡ್ಡುತ್ತ ಒಬ್ಬ ವಯಸ್ಸಾದ ಹೆಂಗಸು. ಜರಿಪಂಚೆಯ ನನ್ನನ್ನು ಕಂಡು ಆಕೆ ಗಾಬರಿಯಾಗಿ ಎದ್ದಳು.

'ಯಾಕಣ್ಣ, ನೀರು ಸಾಕಾಗ್ಲಿಲ್ವಾ?'

'ಸಾಕಾಯ್ತಮ್ಮ. ಚೆನ್ನಾಗಿ ಕಾದಿತ್ತು. ಅದನ್ನೇ ಹೇಳೋಣ ಅಂತ ಬಂದೆ.'

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇದರ ಹಿಂದೆ ಏನೋ ದೂರು ಇರಲೇಬೇಕೆಂದು ಇನ್ನೊಂದು ಗಳಿಗೆ ಕಾದಳು. ಇಲ್ಲವೆಂದು ಖಾತ್ರಿಯಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದ ಕಲ್ಲಿನ ಮೇಲಿದ್ದ ಸೋಗೆಯ ಚೂರುಗಳನ್ನು ಸರಿಸಿದಳು.

'ಕುಂತ್ಕಣ್ಣ ಹಂಗಾರೆ,' ಎಂದಳು. 'ಹೊರಗೆ ಚಳಿ ಐತೆ.'